ತಳದ ಮೀನಿನ ಹೊಟ್ಟೆಪಾಡು
(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಡೀಸೆಲ್, ಮಂಜುಗಡ್ಡೆಯ ವಿಚಾರ ನಮಗಿಂತ ಮೊದಲು ಮಾತಾಡಿದವರು ಹೇಳಿಯಾಯಿತು. ನಾವು ಮೀನಿನ ಹೊಟ್ಟೆಯ ವಿಚಾರ ಎರಡು ಮಾತು ಹೇಳುತ್ತೇವೆ. ಅದರ ಹೊಟ್ಟೆ ತುಂಬಿದರೆ ತಾನೇ ನಮ್ಮದು ತುಂಬುವುದು?

ಬಂಗುಡೆ, ಬೂತಾಯಿ ಮೇಲ್ನೀರಿನವು. ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತವೆ. ನಂಗು, ತೊರಕೆ, ಕಾಣೆ, ಮದ್ಮಲ್, ತೇಡೆ ಇವೆಲ್ಲ ತಳದವು. ಕಡಲ ತಳದ ಕೆಸರೇ ಇವುಗಳ ಗದ್ದೆ. ಮಳೆಗಾಲದಲ್ಲಿ ಹೊಳೆಗಳು ತರುವ ಎಲೆಪುಡಿ, ಮೇಲಿನಿಂದ ಸತ್ತು ಬೀಳುವ ಜೀವಿಗಳೇ ಗೊಬ್ಬರ. ಅದನ್ನುಂಡು ಕೆಸರಿನಲ್ಲಿ ಹುಳ, ಚಿಪ್ಪು, ಏಡಿಮರಿ, ಸಿಗಡಿಮರಿ ಬೆಳೆಯುತ್ತವೆ.

ನಂಗನ್ನೇ ನೋಡಿ. ಹುಟ್ಟುವಾಗ ಎಲ್ಲ ಮೀನಿನ ಹಾಗೆ ಆಚೆಗೊಂದು ಈಚೆಗೊಂದು ಕಣ್ಣು. ಬೆಳೆಯುತ್ತಾ ಬಲಗಣ್ಣು ಎಡಕ್ಕೆ ಸರಿಯುತ್ತದೆ, ಮೀನು ಮಗ್ಗುಲಾಗಿ ಮಲಗುತ್ತದೆ, ಬಾಯಿ ಕೊಕ್ಕೆಯಂತೆ ಕೆಳಗೆ ಬಾಗುತ್ತದೆ. ಕೆಸರುಹುಳ ಹೆಕ್ಕುವುದಕ್ಕೆ ಹೇಳಿ ಮಾಡಿಸಿದ ಬಾಯಿ! ಮರಳು ನೆಲದ ಕಾಣೆಗೂ ಹುಳ, ಸಣ್ಣ ಸಿಗಡಿ ಅಂದರೆ ಪ್ರಾಣ. ತೊರಕೆಯ ಬಾಯಿ ಅಡಿಭಾಗದಲ್ಲಿದೆ. ಕೆಲವು ತೊರಕೆಗಳ ಹಲ್ಲು ಬೀಸುಕಲ್ಲಿನಂತೆ ಚಪ್ಪಟೆ, ಚಿಪ್ಪನ್ನೇ ಅರೆಯುತ್ತವೆ.

ಮದ್ಮಲ್ ಹೆಸರಿಗೆ ಮದುಮಗಳು, ಸ್ವಭಾವದಲ್ಲಿ ಬೇಟೆಗಾರ. ಸಿಗಡಿ, ಏಡಿ, ಸಣ್ಣ ಮೀನು, ಬೊಂಡಾಸ್ ಯಾವುದನ್ನೂ ಬಿಡದು. ಆಳದಿಂದ ಬಲೆ ಎಳೆದಾಗ ಅದರ ಗಾಳಿಚೀಲ ಉಬ್ಬಿ ಜಠರವೇ ಬಾಯಿಗೆ ಬಂದುಬಿಡುತ್ತದೆ, ತಿಂದದ್ದು ಹೊರಗೆ. ಹಾಗಾಗಿ ಖಾಲಿ ಹೊಟ್ಟೆ ಕಂಡ ಕೂಡಲೇ ಮೇವಿಲ್ಲ ಎನ್ನಲಾಗದು.

ತೇಡೆಯ ಕತೆ ಬೇರೆ. ಏಡಿ, ಚಿಪ್ಪು, ಹುಳ ತಿಂದು ಕೊಬ್ಬುವ ಗಂಡು ತೇಡೆ, ಮೊಟ್ಟೆಗಾಲ ಬಂತೆಂದರೆ ಗೋಲಿಯಂಥ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ವಾರಗಟ್ಟಲೆ ಉಪವಾಸ ಇರುತ್ತದೆ. ಏಕಾದಶಿ ಮಾಡುವ ನಮ್ಮಂಥವರು ನಾಚಬೇಕು! ಈ ಮೀನಿಗೆ ಮೊಟ್ಟೆಗಳೇ ಕಮ್ಮಿ, ಬಂಗುಡೆಯ ಹಾಗೆ ಸಾವಿರಗಟ್ಟಲೆ ಅಲ್ಲ. 1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸಿನ್ ಬಲೆ ಬಂತು. ಬಾಯಲ್ಲಿ ಮೊಟ್ಟೆ ಹೊತ್ತ ಹಿಂಡುಗಳೇ ಬಲೆಗೆ ಬಿದ್ದವು. ಮೊಟ್ಟೆಗಳೆಲ್ಲ ದೋಣಿಯಲ್ಲೇ ಹಾಳಾದವು. 1980ರ ದಶಕದಲ್ಲಿ ತೇಡೆ ಕುಸಿಯಿತು.

ಈಗ ಟ್ರಾಲ್ ಬಲೆಯ ಮಾತು. ಅದು ತಳವನ್ನು ಉಳುತ್ತಾ ಹೋಗುತ್ತದೆ. ಮೇಲೆ ಬಂದದ್ದರಲ್ಲಿ ಒಳ್ಳೆಯದನ್ನು ಹೆಕ್ಕಿದ ಮೇಲೆ ಉಳಿಯುವ ಚಿಲ್ಲರೆ ರಾಶಿಯನ್ನು ಒಮ್ಮೆ ಕೆದಕಿ ನೋಡಿ. ಏಡಿಮರಿ, ಕುಡುಗೋಲಿನಂಥ ಕೈಯ ಸಿಗಡಿಜಾತಿ, ಬೆರಳುದ್ದದ ಮದ್ಮಲ್. ಅರ್ಧ ರಾಶಿ ತಳದ ಮೀನಿನ ಊಟ, ಇನ್ನರ್ಧ ಅದರ ಮಕ್ಕಳು! ಇದೆಲ್ಲ ಲಾರಿಯೇರಿ ಮೀನುಹುಡಿ ಕಾರ್ಖಾನೆಗೆ ಹೋಗುತ್ತದೆ. ತಂದವರನ್ನು ಬೈದು ಫಲವಿಲ್ಲ. ಡೀಸೆಲ್ ದುಡ್ಡು ಹುಟ್ಟಬೇಕಲ್ಲ. ಆದರೆ ಕಿಲೋಗೆ ಸಿಗುವ ಆ ಪುಡಿಗಾಸಿಗೆ ಬರುವ ವರ್ಷದ ಮೀನನ್ನೂ ಅದರ ಮೇವನ್ನೂ ಒಟ್ಟಿಗೇ ಮಾರುತ್ತಿದ್ದೇವೆ ಎಂಬ ಲೆಕ್ಕ ಸಂಘದ ಪುಸ್ತಕದಲ್ಲಿ ಎಲ್ಲಿದೆ?

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ದಡದಲ್ಲಿ ಕೂರುವುದು ಕಷ್ಟವೇ, ಒಪ್ಪುತ್ತೇವೆ. ಆ ದಿನಗಳಲ್ಲಿ ಮೀನಿಗೆ ಮಾತ್ರವಲ್ಲ, ಕೆಸರಿಗೂ ಬಿಡುವು ಸಿಗುತ್ತದೆ. ಉಳಿದ ಹತ್ತು ತಿಂಗಳಿಗೆ ಚೌಕ ಕಣ್ಣಿನ ತುದಿಬಲೆ ಇದೆ. ಎಳೆದಾಗಲೂ ಅದರ ಕಣ್ಣು ಮುಚ್ಚುವುದಿಲ್ಲ, ಮರಿಗಳು ನುಸುಳಿ ಪಾರಾಗುತ್ತವೆ. ಅದನ್ನು ಕೊಳ್ಳುವ ಸದಸ್ಯರಿಗೆ ಸಂಘ ಬಡ್ಡಿಯಿಲ್ಲದ ಸಾಲ ಕೊಡಬೇಕೆಂದು ಮುಂದಿನ ಮಹಾಸಭೆಯಲ್ಲಿ ಕೇಳುವವರಿದ್ದೇವೆ. ಅನುಮೋದಿಸುವವರು ಈಗಲೇ ಹೆಸರು ಕೊಟ್ಟರೆ ಅನುಕೂಲ.