ರಕ್ತ ನೀಡಲಾಗದೆ ಮರಳಿದವರ ಕಡೆಗೂ ನೋಡೋಣ



ರಕ್ತದಾನ ಶಿಬಿರ ಮುಗಿದೊಡನೆ ಎಷ್ಟು ಯೂನಿಟ್ ಸಂಗ್ರಹವಾಯಿತೆಂದು ನಾವು ಹೆಮ್ಮೆಯಿಂದ ಪ್ರಕಟಿಸುತ್ತೇವೆ. ಆದರೆ ತಪಾಸಣೆಯ ಮೇಜಿನಿಂದಲೇ ಮರಳಿದವರ ಕಡೆಗೆ ನಮ್ಮ ಗಮನ ಹರಿಯುವುದಿಲ್ಲ. ಇಂದು ಅವರ ಕುರಿತು ಮಾತನಾಡಲು ಬಯಸುತ್ತೇವೆ.

ನಮ್ಮ ದೇಶದ ನಿಯಮದಂತೆ ರಕ್ತ ನೀಡುವವರು 18ರಿಂದ 65 ವರ್ಷದೊಳಗಿನ ಆರೋಗ್ಯವಂತರಾಗಿರಬೇಕು. ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಒಮ್ಮೆ ನೀಡಿದ ಪುರುಷರು 90 ದಿನ, ಮಹಿಳೆಯರು 120 ದಿನ ಕಾಯಬೇಕು.

ಮಹಿಳೆಯರಲ್ಲಿ ಅನೇಕರು ಮರಳುವುದು ಹಿಮೋಗ್ಲೋಬಿನ್ ಕೊರತೆಯಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಮನೆಮಂದಿಯೆಲ್ಲ ಉಂಡ ಬಳಿಕ ಉಳಿದುದರಲ್ಲಿ ತೃಪ್ತಿಪಡುವ ತಾಯಂದಿರು ಇವರಲ್ಲಿಲ್ಲವೇ? ಅವರನ್ನು ಮರಳಿ ಕಳುಹಿಸಿದ್ದು ಅವಮಾನವಲ್ಲ. ಅದು ಕುಟುಂಬಕ್ಕೆ ನೀಡಿದ ಎಚ್ಚರಿಕೆ. ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಗಂಡಂದಿರ, ಗಂಡುಮಕ್ಕಳ ಹೊಣೆ.

ಇನ್ನು ಪ್ರಶ್ನಾವಳಿಯ ವಿಷಯ. ಸಂಗ್ರಹವಾದ ಪ್ರತಿಯೊಂದು ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸಲಾಗುತ್ತದೆ. ಆದರೆ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದಿರಬಹುದು. ಗೆಳೆಯರೆದುರು ಮರ್ಯಾದೆ ಹೋದೀತೆಂದು ಯುವಕನೊಬ್ಬ ಸತ್ಯವನ್ನು ಮರೆಮಾಚಿದರೆ ಅದರ ಬೆಲೆ ತೆರುವುದು ಯಾರು? ಜೀವನಪರ್ಯಂತ ಅನ್ಯರ ರಕ್ತವನ್ನೇ ಅವಲಂಬಿಸಿರುವ ಥಲಸ್ಸೇಮಿಯಾ ಪೀಡಿತ ಮಗು. ಆದುದರಿಂದ ನಿಜ ಹೇಳಿ ಹಿಂದೆ ಸರಿದವನೂ ಒಂದು ಜೀವವನ್ನು ಕಾಪಾಡಿದವನೇ.

ಒಬ್ಬರ ರಕ್ತದಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಬಹುದು. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಒಂದು ವರ್ಷ ಉಳಿಯುತ್ತದೆ. ಕೆಂಪು ಕಣ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ ಸಾಮಾನ್ಯವಾಗಿ ಕೇವಲ 5 ದಿನ. ವರ್ಷಕ್ಕೊಂದು ಅದ್ದೂರಿ ಶಿಬಿರ ನಡೆಸಿ ಮೌನವಾದರೆ ಪ್ರಯೋಜನವೇನು? ಉಪವಾಸದಲ್ಲಿರುವವರು ರಕ್ತ ನೀಡುವಂತಿಲ್ಲವೆಂದು ನಿಯಮವೇ ಹೇಳುತ್ತದೆ. ಹಾಗಿರುವಾಗ ರಮಝಾನಿಗೆ ಮುನ್ನ ಒಂದು ಶಿಬಿರ, ರಮಝಾನಿನಲ್ಲಿ ಇಫ್ತಾರ್ ಮುಗಿದ ನಂತರ ರಾತ್ರಿಯ ವ್ಯವಸ್ಥೆ ಏಕೆ ಸಾಧ್ಯವಿಲ್ಲ?

ಪ್ರತಿಯೊಂದು ಮೊಹಲ್ಲಾದಲ್ಲಿಯೂ ಒಂದು ಪಟ್ಟಿ ಸಿದ್ಧವಾಗಲಿ. ಅದರಲ್ಲಿ ರಕ್ತದ ಗುಂಪಿನೊಂದಿಗೆ ಕೊನೆಯದಾಗಿ ರಕ್ತ ನೀಡಿದ ದಿನಾಂಕವೂ ಇರಲಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ರಕ್ತಕ್ಕಾಗಿ ಪರದಾಡುವ ಮೊದಲೇ ನಮ್ಮ ಅರ್ಹತೆ ನಮಗೆ ತಿಳಿದಿರಲಿ. ಅರ್ಹರು ನೀಡಲಿ, ಇಂದು ಅರ್ಹರಲ್ಲದವರು ಚಿಕಿತ್ಸೆ ಪಡೆದು ಮರಳಿ ಬರಲಿ, ಎಂದಿಗೂ ನೀಡಲಾಗದವರು ಇನ್ನೊಬ್ಬರನ್ನು ಕರೆತರಲಿ.