ರಸೆಲ್ ಮಾರುಕಟ್ಟೆಲಿ ‘ಒಳ್ಳೇ ಹೋಟ್ಲು ಎಲ್ಲಿದೆ’ ಅಂತ ಕೇಳಬೇಡಿ

ಇವತ್ತು ಊಟದ ವಿಷಯ. ಹಸಿವಾಗಿದ್ರೆ ಪಾಸ್ ಮಾಡಿ, ಏನಾದ್ರೂ ತಿಂದ್ಕೊಂಡು ಬನ್ನಿ.

ನನ್ನ ಗೆಳತಿಯೊಬ್ಬಳು ರೋಮ್‌ಗೆ ಹೋಗಿದ್ಲು. ಅಲ್ಲಿ ಸಾದಾ ಜನ ತಿನ್ನೋ ಸಾದಾ ಊಟ ಬೇಕು ಅಂತ ಅವಳ ಆಸೆ. ಮೊದಲನೇ ದಿನ ದೊಡ್ಡ ಚೌಕದ ಪಕ್ಕದಲ್ಲೇ ಕೂತ್ಲಂತೆ. ಬಾಗಿಲಲ್ಲಿ ಒಬ್ಬ ನಿಂತು ಇಂಗ್ಲಿಷಲ್ಲಿ ಕರೀತಿದ್ದ, ಮೆನುಲಿ ಪ್ರತಿ ತಿಂಡಿದೂ ಬಣ್ಣಬಣ್ಣದ ಫೋಟೊ. ಬಿಲ್ ನೋಡಿ ಸುಸ್ತಾದ್ಲು, ಸುಮ್ನೆ ಕೂತಿದ್ದಕ್ಕೂ ದುಡ್ಡು! ಮಾರನೇ ದಿನ ಟೆಸ್ಟಾಚೊ ಅನ್ನೋ ಬಡಾವಣೆಗೆ ಹೋದ್ಲು. ಊರಿನ ದೊಡ್ಡ ಕಸಾಯಿಖಾನೆ ಇದ್ದ ಜಾಗ ಅದು, 1975ರಲ್ಲಿ ಮುಚ್ಚಿತು. ಅಲ್ಲಿ ಕೆಲಸ ಮಾಡೋರಿಗೆ ಕೂಲಿಯ ಒಂದು ಭಾಗವಾಗಿ ಕರುಳು, ನಾಲಿಗೆ, ಬಾಲ ಸಿಗ್ತಿತ್ತು. ಒಳ್ಳೇ ತುಂಡೆಲ್ಲ ಸಾಹುಕಾರರ ಮನೆಗೆ ಹೋದ್ಮೇಲೆ ಉಳಿಯೋ ಮಾಂಸ. ಅದಕ್ಕೆ ಅವರಲ್ಲಿ ‘ಐದನೇ ಕಾಲುಭಾಗ’ ಅಂತಾನೇ ಹೆಸರು. ಆ ಬಾಲದ ಸಾರು ಇವತ್ತು ರೋಮಿನ ಹೆಮ್ಮೆಯ ಅಡುಗೆ.

ಅವಳು ಫೋನಲ್ಲಿ ಇದನ್ನ ಹೇಳ್ತಿದ್ರೆ ನಾನಂದೆ: ಅಲ್ಲ ಕಣೇ, ಇದು ನಮ್ಮ ಶಿವಾಜಿನಗರ!

ನಿಜ ತಾನೇ? ರಸೆಲ್ ಮಾರುಕಟ್ಟೆ ನೋಡಿ. ದಂಡು ಪ್ರದೇಶದ ಮುನಿಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಹೆಸರು. 1927ರಲ್ಲಿ ಕಟ್ಟಿದ್ದು, 1933ರಲ್ಲಿ ಉದ್ಘಾಟನೆ ಆಯ್ತು. ಮುಂದೆ ಗಡಿಯಾರ, ಕಮಾನು, ಒಳಗೆ ಹಣ್ಣು, ತರಕಾರಿ, ಹೂವು, ಮೀನು, ಮಾಂಸ. 2012ರ ಫೆಬ್ರವರಿಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿ ಸುಟ್ಟುಹೋದವು. ಆದ್ರೂ ಮಾರುಕಟ್ಟೆ ನಿಲ್ಲಲಿಲ್ಲ. ಇಷ್ಟು ಜನ ಬೆಳಗಿನ ಜಾವದಿಂದ ಮೂಟೆ ಹೊರೋ ಜಾಗದಲ್ಲಿ ಅವರ ಹೊಟ್ಟೆ ತುಂಬಿಸೋ ಚಿಕ್ಕ ಹೋಟ್ಲುಗಳು ಇರಲೇಬೇಕಲ್ವಾ? ಇವೆ. ಆದ್ರೆ ಬೋರ್ಡ್ ನೋಡಿ ಹುಡುಕಿದ್ರೆ ಸಿಗಲ್ಲ.

ನಾನು ಮೊದಲು ಮಾಡಿದ ತಪ್ಪು ಇದು. ಹಣ್ಣಿನ ಅಂಗಡಿಯವರನ್ನ ಕೇಳ್ದೆ, “ಭಾಯ್, ಇಲ್ಲಿ ಒಳ್ಳೇ ಹೋಟ್ಲು ಎಲ್ಲಿದೆ?” ಅವರು ನನ್ನ ಬಟ್ಟೆ ನೋಡಿದ್ರು, ಬ್ಯಾಗ್ ನೋಡಿದ್ರು. “ಆ ಕಡೆ ಹೋಗಿ ಮೇಡಂ, ಎ.ಸಿ. ಐತೆ” ಅಂದ್ರು. ತಪ್ಪು ಅವರದಲ್ಲ. ‘ಒಳ್ಳೇದು’ ಅಂದ್ರೆ ‘ನಿಮ್ಮಂಥೋರಿಗೆ ಸರಿಹೋಗೋದು’ ಅಂತ ಅವರು ತಿಳ್ಕೊಂಡ್ರು. ಎರಡನೇ ಸಲ ಬೇರೆ ಥರ ಕೇಳ್ದೆ. “ಭಾಯ್, ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಾ?” ನಕ್ಕುಬಿಟ್ರು. “ನಮ್ದು ಬಿಡಿ ಮೇಡಂ, ಅದು ಚಿಕ್ಕ ಜಾಗ.” ಹಾಗಂದ್ಕೊಂಡೇ ಕೈ ತೋರಿಸಿದ್ರು.

ನಾಲ್ಕೇ ಟೇಬಲ್. ಗೋಡೆ ಮೇಲೆ ಮೆನು ಇಲ್ಲ, ಸಪ್ಲೈಯರ್ ಬಾಯಲ್ಲೇ ಇದೆ. ಒಂದೇ ಉಸಿರಿಗೆ ಹೇಳ್ತಾರೆ, ಕೇಳಿಸ್ಕೊಳ್ಳೋಕೆ ಎರಡು ಸಲ ಬೇಕು. ಉರ್ದು, ತಮಿಳು, ಕನ್ನಡ ಎಲ್ಲ ಸೇರಿದ ಮಾತು. ನಾನು ಕುಷ್ಕ ತಗೊಂಡೆ. ಗೊತ್ತಿಲ್ಲದೋರಿಗೆ: ಕುಷ್ಕ ಅಂದ್ರೆ ಬಿರಿಯಾನಿ ಅನ್ನ, ಆದ್ರೆ ಮಾಂಸದ ತುಂಡು ಇರಲ್ಲ. ಮಸಾಲೆ, ತುಪ್ಪದ ವಾಸನೆ ಎಲ್ಲ ಅನ್ನಕ್ಕೆ ಇಳಿದಿರತ್ತೆ, ರೇಟು ಮಾತ್ರ ಕಡಿಮೆ. ಜೇಬು ನೋಡ್ಕೊಂಡು ತಿನ್ನೋರ ಬಿರಿಯಾನಿ ಅದು.

ಬೆಳಿಗ್ಗೆ ಬೇಗ ಹೋದ್ರೆ ಪಾಯ. ಕಾಲನ್ನ ಸಣ್ಣ ಉರಿಲಿ ಗಂಟೆಗಟ್ಟಲೆ ಬೇಯಿಸಿರ್ತಾರೆ. ಸಾರು ತುಟಿಗೆ ಅಂಟತ್ತೆ. ಅದಕ್ಕೆ ಬಿಸಿ ರೊಟ್ಟಿ. ಹತ್ತು ಗಂಟೆಗೆ ಎದ್ದು ಹೋಗಿ ‘ಪಾಯ ಇದ್ಯಾ’ ಅಂದ್ರೆ ತೊಳೆದ ಪಾತ್ರೆ ತೋರಿಸಿದ್ರೂ ಆಶ್ಚರ್ಯವಿಲ್ಲ. ಭೇಜಾ, ಕಲೇಜಿ, ಬೋಟಿ, ಕಾಲು... ನಮ್ಮ ‘ಐದನೇ ಕಾಲುಭಾಗ’ ಇದೇ. ರೋಮಲ್ಲಿ ತಿಂದ್ರೆ ಸಂಸ್ಕೃತಿ, ಶಿವಾಜಿನಗರದಲ್ಲಿ ತಿಂದ್ರೆ ‘ಅಯ್ಯೋ, ಅಲ್ಲೆಲ್ಲ ತಿಂತೀಯಾ?’ ನಮ್ಮ ಮನೆಲೂ ಈ ಮಾತು ಕೇಳಿದೀನಿ.

ಇನ್ನೊಂದು ವಿಷಯ ಹೇಳದೇ ಮುಂದೆ ಹೋಗಕ್ಕಾಗಲ್ಲ. ದನದ ಮಾಂಸ ಇಲ್ಲಿನ ಬಡವರ ಊಟದ ದೊಡ್ಡ ಭಾಗವಾಗಿತ್ತು. 2020ರ ಗೋಹತ್ಯೆ ನಿಷೇಧ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ರೆ ಬೇರೆ ಜಾನುವಾರು ವಧೆಗೆ ಅವಕಾಶ ಇಲ್ಲ. ನಿಮ್ಮ ಅಭಿಪ್ರಾಯ ಏನೇ ಇರಲಿ. ಇಂಥ ಹೋಟ್ಲಲ್ಲಿ ಕ್ಯಾಮೆರಾ ತೆಗೆದು ತಟ್ಟೆ ಮೇಲೆ ಹಿಡಿದ್ರೆ ಯಾಕೆ ಎಲ್ಲರ ಮುಖ ಬಿಗಿಯಾಗತ್ತೆ ಅನ್ನೋದು ಅರ್ಥ ಆಗ್ಬೇಕು.

ನಾನೂ ಹಿಡಿದಿದ್ದೆ. ಮೂವತ್ತು ಸೆಕೆಂಡಿನ ರೀಲ್ಸ್. ಎದುರು ಕೂತಿದ್ದ ಹಮಾಲಿ ಅಣ್ಣ ತಟ್ಟೆ ಎತ್ಕೊಂಡು ಗೋಡೆ ಕಡೆ ತಿರುಗಿ ಕೂತ್ರು. ಆವಾಗ ನಂಗೆ ಹೊಳೀಲಿಲ್ಲ. ವಿಡಿಯೊ ಚೆನ್ನಾಗೇ ಓಡ್ತು. ಎರಡು ತಿಂಗಳಾದ್ಮೇಲೆ ಹೋದ್ರೆ ಬಾಗಿಲಲ್ಲಿ ನನ್ನಂಥೋರದೇ ಕ್ಯೂ. ಒಳಗೆ ಒಬ್ಬೊಬ್ಬರೂ ಒಂದು ಪ್ಲೇಟ್ ಇಟ್ಕೊಂಡು ನಲವತ್ತು ನಿಮಿಷ. ಮೂಟೆ ಹೊರೋರಿಗೆ ಊಟಕ್ಕೆ ಸಿಗೋದೇ ಇಪ್ಪತ್ತು ನಿಮಿಷ. ಅವರು ಹೊರಗಡೆ, ಗಾಡಿಗೆ ಒರಗಿ ನಿಂತ್ಕೊಂಡು ತಿಂತಿದ್ರು. ಗಲ್ಲಾದಲ್ಲಿದ್ದ ಯಜಮಾನರು ನನ್ನ ಗುರುತು ಹಿಡಿದು ಚಾ ಕೊಟ್ರು, ದುಡ್ಡು ತಗೊಳ್ಳಲಿಲ್ಲ. ಆ ಚಾ ಕುಡಿಯೋಕೆ ಕಷ್ಟ ಆಯ್ತು. ಆ ರೀಲ್ಸ್ ಡಿಲೀಟ್ ಮಾಡಿದೀನಿ, ಆದ್ರೆ ಬೇರೆಯವರು ಹಂಚಿದ್ದು ಎಲ್ಲೆಲ್ಲಿದ್ಯೋ.

ಅದಕ್ಕೇ ಇವತ್ತು ಆ ಚಿಕ್ಕ ಹೋಟ್ಲಿನ ಹೆಸರು ಹೇಳ್ತಿಲ್ಲ. ಕಾಮೆಂಟಲ್ಲಿ ಕೇಳ್ಬೇಡಿ. ಹೆಸರು ಬೇಕೇ ಬೇಕು ಅನ್ನೋರಿಗೆ ಫ್ರೇಜರ್ ಟೌನಿನ ಮಾಸ್ಕ್ ರೋಡಲ್ಲಿ ಆಲ್ಬರ್ಟ್ ಬೇಕರಿ ಇದೆ, 1902ರಿಂದ. ಮಧ್ಯಾಹ್ನದ ಮೇಲೆ ಹೋಗಿ, ಖೋವಾ ನಾನ್ ತಗೊಳ್ಳಿ. ಅವರಿಗೆ ಕ್ಯೂ ಹೊಸದಲ್ಲ.

ರಸೆಲ್ ಮಾರುಕಟ್ಟೆಗೆ ಹೋಗೋರು ಶುಕ್ರವಾರ ಮಧ್ಯಾಹ್ನ ಬಿಡಿ, ನಮಾಜ್ ಹೊತ್ತಲ್ಲಿ ಸುಮಾರು ಹೋಟ್ಲು ಬಾಗಿಲು ಹಾಕಿರತ್ತೆ. ಸೆಪ್ಟೆಂಬರ್ 8ಕ್ಕೆ ಪಕ್ಕದ ಸೇಂಟ್ ಮೇರಿಸ್ ಬೆಸಿಲಿಕಾದ ಹಬ್ಬ, ಆ ದಿನಗಳಲ್ಲಿ ಕಾಲಿಡೋಕೂ ಜಾಗ ಇರಲ್ಲ, ಆದ್ರೆ ನೋಡೋಕೆ ಚೆಂದ. ಗಾಡಿ ತರಬೇಡಿ, ಶಿವಾಜಿನಗರ ಬಸ್‌ಸ್ಟ್ಯಾಂಡಿಂದ ನಡೀಬಹುದು. ಒಂದೂವರೆ ಒಳಗೆ ಹೋಗ್ಬೇಡಿ, ಅದು ಕೆಲಸದವರ ಹೊತ್ತು. ಎರಡೂವರೆಗೆ ಹೋದ್ರೆ ಸಪ್ಲೈಯರಿಗೂ ನಿಮ್ಮ ಜೊತೆ ಎರಡು ಮಾತಾಡೋಕೆ ಪುರುಸೊತ್ತಿರತ್ತೆ. ಯಾರಾದ್ರೂ ಎದುರು ಬಂದು ಕೂತ್ರೆ ಬ್ಯಾಗ್ ತೆಗೆದು ತೊಡೆ ಮೇಲಿಟ್ಕೊಳ್ಳಿ. ಉಂಡಾದ್ಮೇಲೆ ಒಂದು ಸುಲೈಮಾನಿ ಹೇಳಿ. ಹಾಲಿಲ್ಲದ ಚಾ, ನಿಂಬೆರಸ ಹಾಕಿರ್ತಾರೆ. ಅದನ್ನ ಮಾತ್ರ ಹೊರಗೆ ಬಂದು, ನಿಂತ್ಕೊಂಡು ಕುಡೀರಿ.

ಮುಂದಿನ ವಾರ ಹಲಸೂರಿನ ಕಡೆ ಹೋಗೋಣ. ಸಿಗ್ತೀನಿ.