ಒತ್ತಕ್ಷರಕ್ಕೆ ಜಾಗ ಬಿಡಿ

ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಕೆಲಸ ಬ್ಯಾಕೆಂಡ್ ಎಂಜಿನಿಯರಿಂಗ್, ಡಿಸೈನರ್ ಅಲ್ಲ. ಎಂಟೆಕ್ ಓದುವಾಗಲೂ ಫಾಂಟ್ ಬಗ್ಗೆ ಒಂದೇ ಒಂದು ಪಾಠ ಇರಲಿಲ್ಲ. ಆದರೂ ಇವತ್ತು ಡಿಸೈನ್ ಬಗ್ಗೆ ಮಾತಾಡ್ತಿದ್ದೀನಿ. ಯಾಕಂದ್ರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಎಲ್ಲೂ ಬರೆದಿಡದ ಒಂದು ನಿಯಮ ಇದೆ: "ನೀನು ಕಂಪ್ಯೂಟರ್‌ನವನಲ್ವಾ, ಇನ್ವಿಟೇಶನ್ನು, ಪುಸ್ತಕ, ವಿಡಿಯೋ ಎಲ್ಲಾ ನೀನೇ ಮಾಡಿಬಿಡು." ಈ ಮಾತು ನಿಮಗೂ ಬಂದಿರುತ್ತೆ.

ನನಗೆ ಬಂದಾಗ ನಾನು ಹೂಂ ಅಂದೆ. ನಮ್ಮ ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆ, 48 ಪುಟ, 300 ಪ್ರತಿ. ಸಂಘ ಕಟ್ಟಿದ ಹಿರಿಯರೊಬ್ಬರು ಆ ವರ್ಷ ತೀರಿಕೊಂಡಿದ್ದರು. ಎರಡನೇ ಪುಟ ಅವರಿಗೆ: ಒಂದು ಫೋಟೋ, ಮೇಲೆ ಶ್ರದ್ಧಾಂಜಲಿ ಅಂತ ದೊಡ್ಡ ಅಕ್ಷರ, ಕೆಳಗೆ ಅವರ ಹೆಸರು. ಆಫೀಸ್ ಮುಗಿಸಿ ರಾತ್ರಿ ಒಂದು ಗಂಟೆವರೆಗೆ ಕೂತು ಫೋಟೋಶಾಪ್‌ನಲ್ಲಿ ಮಾಡಿದೆ. ಪುಟ ಪೂರ್ತಿ ಕಾಣೋ ಹಾಗೆ ಝೂಮ್ ಕಡಿಮೆ ಮಾಡಿ ನೋಡಿದೆ, ಚೆನ್ನಾಗಿ ಕಾಣ್ತು, ಕಳಿಸಿದೆ.

ಅಚ್ಚಾಗಿ ಬಂದದ್ದು "ಶ್‌ರದ್‌ಧಾಂಜಲಿ". ಹೆಸರಿನಲ್ಲಿ ಎರಡು ಒತ್ತಕ್ಷರ ಇದ್ದವು, ಅವೂ ಹಾಗೇ ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ಅವರ ಮನೆಯವರು ಕೂತಿದ್ರು, ಧಾರವಾಡದ ಕಡೆಯ ಅಮ್ಮ. ಕನ್ನಡಕ ಹಾಕ್ಕೊಂಡು ಪುಟ ತೆಗೆದು ನೋಡಿದ್ರು. ಬೈಲಿಲ್ಲ. ನನ್ನ ಕರೆದು, "ಇದು ನಮ್ಮವರ ಹೆಸರು ಅಲ್ಲೋ ತಮ್ಮಾ. ಯಾರ್ದೋ ಬ್ಯಾರೆಯವರದು ಅನ್ನಿಸ್ತದ" ಅಂದ್ರು.

ಅವತ್ತಿನಿಂದ ಕಲಿತದ್ದನ್ನ ಹೇಳ್ತೀನಿ.

ಮೊದಲು, ಯಾಕೆ ಹೀಗಾಯ್ತು ಅಂತ. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಒಂದು ಕೋಡ್‌ಗೆ ಒಂದು ಆಕಾರ. ಕನ್ನಡದಲ್ಲಿ ಹಾಗಲ್ಲ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಅದು ಆರು ಕೋಡ್ ಪಾಯಿಂಟ್: ಸ, ವಿರಾಮ, ತ, ವಿರಾಮ, ರ, ಈಕಾರದ ಗುಣಿತ. ಈ ಆರನ್ನ ಜೋಡಿಸಿ ಒತ್ತು ಕೊಟ್ಟು ನಿಲ್ಲಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಬ್ರೌಸರ್‌ಗಳು ಇದನ್ನ ತಾವಾಗೇ ಮಾಡ್ತವೆ. ಅಡೋಬಿ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ ಸಲ ನಾವೇ ಸೆಟ್ಟಿಂಗ್ ಬದಲಾಯಿಸಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಫೋಟೋಶಾಪ್‌ನಲ್ಲೂ ಟೈಪ್‌ಗೆ ಸಂಬಂಧಿಸಿದ ಇಂಥದ್ದೇ ಆಯ್ಕೆ ಇದೆ, ವರ್ಶನ್‌ನಿಂದ ವರ್ಶನ್‌ಗೆ ಹೆಸರು ಬದಲಾಗುತ್ತೆ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಪ್ರಿಫರೆನ್ಸಸ್‌ನ ಟೆಕ್ಸ್ಟ್ ಎಂಜಿನ್ ಜಾಗದಲ್ಲಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್. ನಾನು ಮಾಡದೇ ಬಿಟ್ಟದ್ದು ಆ ಒಂದು ಕ್ಲಿಕ್.

ನಮ್ಮಲ್ಲಿ ಪ್ರಮಾಣಪತ್ರಕ್ಕೆ ಪೈಥಾನ್ ಸ್ಕ್ರಿಪ್ಟ್ ಬರೆಯೋರು ಒಬ್ರಾದ್ರೂ ಇದ್ದೇ ಇರ್ತಾರೆ. ಪಿಲ್ಲೋ ಲೈಬ್ರರಿ ಬಳಸೋದಾದ್ರೆ ರಾಕ್ಮ್ ಇದೆಯೋ ಇಲ್ವೋ ನೋಡ್ಕೊಳ್ಳಿ. ಇಲ್ಲದಿದ್ರೆ ಎರರ್ ಏನೂ ಬರಲ್ಲ, ಒತ್ತಕ್ಷರ ಒಡೆದ ಸರ್ಟಿಫಿಕೇಟ್‌ಗಳು ಸಾಲಾಗಿ ಬರ್ತವೆ.

ಈಗ ಮುಖ್ಯ ವಿಷಯ. ಬೆಂಗಳೂರಲ್ಲೋ ಗದಗದಲ್ಲೋ ಅಚ್ಚು ಹಾಕಿಸಿದ್ರೆ ಪ್ರೆಸ್‌ನ ಹುಡುಗ ಅಕ್ಷರ ನೋಡಿ "ಸರ್, ಇದು ಒಡೆದಿದೆ" ಅಂತಾನೆ. ಪುಣೆಯಲ್ಲಿ, ಚೆನ್ನೈಯಲ್ಲಿ, ದೆಹಲಿಯಲ್ಲಿ ಯಾರು ಹೇಳ್ತಾರೆ? ನನ್ನ ಪ್ರೂಫ್ ನೋಡಿದ ಮರಾಠಿ ಹುಡುಗ ತುಂಬಾ ಶ್ರದ್ಧೆಯಿಂದ ನೋಡಿದ್ದ. ಫೋಟೋ ಎರಡು ಮಿಲಿಮೀಟರ್ ಸರಿದಿದೆ ಅಂತ ಫೋನ್ ಮಾಡಿ ಹೇಳಿದ್ದ. ಅಕ್ಷರ ಮಾತ್ರ ಅವನಿಗೆ ಬರೀ ಚಿತ್ರ. ಹೊರನಾಡಿನಲ್ಲಿ ಫೈಲ್ ನಮ್ಮ ಕೈ ಬಿಟ್ಟ ಮೇಲೆ ಅದನ್ನ ಕನ್ನಡವಾಗಿ ಓದೋರು ಯಾರೂ ಇರಲ್ಲ. ಹಾಗಾಗಿ ಮೂಲ ಫೈಲ್ ಕಳಿಸಬೇಡಿ, ಫಾಂಟ್ ಎಂಬೆಡ್ ಆದ ಪಿಡಿಎಫ್ ಮಾತ್ರ ಕಳಿಸಿ. ಅವರ ಕಂಪ್ಯೂಟರ್‌ನಲ್ಲಿ ಫಾಂಟ್ ಇಲ್ಲ ಅಂತ ಇನ್ನೊಂದು ಫಾಂಟ್ ಹಾಕಿಬಿಟ್ರೆ ಕೇಳೋರಿಲ್ಲ. ಪ್ರೂಫ್ ಕಾಗದದ ಮೇಲೇ ತರಿಸಿ, ಸಂಘದಲ್ಲಿ ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಡಿಸೈನ್ ಮಾಡಿದವನ ಕಣ್ಣು ಅಲ್ಲಿ ಇರಬೇಕಾದದ್ದನ್ನೇ ಓದುತ್ತೆ.

ಹಿರಿಯರ ಲೇಖನಗಳು ಈಗಲೂ ನುಡಿಯ ಹಳೇ ಫಾಂಟ್‌ನಲ್ಲಿ ಬರ್ತವೆ. ಅಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರ್ತವೆ, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರೋ ಪದಗಳನ್ನ ಒಂದೊಂದಾಗಿ ನೋಡಿ. ಹಳೇ ಕ್ರಮದಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ಮೊದಲು. "ವರ್ಷ" ಸರಿಯಾಗಿದ್ರೆ ಅರ್ಧ ಸಮಾಧಾನ.

ಅಚ್ಚಿನ ಉಳಿದ ವಿಷಯ ಬೇಗ ಹೇಳಿಬಿಡ್ತೀನಿ. ಅಂಚಿನವರೆಗೆ ಬಣ್ಣ ಇದ್ದರೆ ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ. ಚಿತ್ರ 300 ಡಿಪಿಐ, ಅಂದ್ರೆ ಎ4 ಪುಟ ತುಂಬೋ ಫೋಟೋಗೆ ಸುಮಾರು 2480 × 3508 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಂಡ್ರೆ ಅದು ಕುಗ್ಗಿ ಬರುತ್ತೆ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಕಪ್ಪು ಅಕ್ಷರ ಬರೀ ಕಪ್ಪು ಇಂಕಿನಲ್ಲಿ ಇರಲಿ. ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದ್ರೆ ಪ್ಲೇಟ್ ಕೂದಲೆಳೆ ಸರಿದರೂ ಸಾಕು, ನಮ್ಮ ಅಕ್ಷರದ ಸುರುಳಿಗಳು ಮಸುಕಾಗ್ತವೆ. ಧ, ಥ, ಫ, ಷ, ಘ ಇವನ್ನ ನಿಮ್ಮ ಅತಿ ಸಣ್ಣ ಸೈಜಿನಲ್ಲಿ ಒಂದು ಸಲ ಅಚ್ಚು ಹಾಕಿಸಿ ನೋಡಿ. ಒಳಗಿನ ಸಣ್ಣ ಗೆರೆ, ಚುಕ್ಕೆ ಮಾಯವಾಗಿದ್ರೆ ಸೈಜ್ ಹೆಚ್ಚಿಸಿ. ನಾನು 12 ಪಾಯಿಂಟ್‌ಗಿಂತ ಕೆಳಗೆ ಹೋಗಲ್ಲ. ನಮ್ಮ ಓದುಗರಲ್ಲಿ ಅರ್ಧಕ್ಕರ್ಧ ಜನ ಅರವತ್ತು ದಾಟಿದವರು.

ಬಣ್ಣದ ಬಗ್ಗೆ ಒಂದು ಮಾತು. ಅರಿಶಿನ ಕುಂಕುಮದ ಬಾವುಟ ನಮಗೆಲ್ಲ ಪ್ರೀತಿ, ಅದಕ್ಕೇ ರಾಜ್ಯೋತ್ಸವದ ಪ್ರತಿ ಪೋಸ್ಟರ್‌ನಲ್ಲೂ ಹಳದಿ ಮೇಲೆ ಕೆಂಪು ಅಕ್ಷರ. ಲೆಕ್ಕ ಹಾಕಿ ನೋಡಿದೆ: ಸ್ಕ್ರೀನಿನ ಶುದ್ಧ ಹಳದಿ ಮೇಲೆ ಶುದ್ಧ ಕೆಂಪಿನ ಕಾಂಟ್ರಾಸ್ಟ್ ಸುಮಾರು 3.7ಕ್ಕೆ 1. ವೆಬ್‌ನ ಡಬ್ಲ್ಯುಸಿಎಜಿ ಮಾನದಂಡ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕೇಳೋದು 4.5ಕ್ಕೆ 1. ಶೀರ್ಷಿಕೆಗೆ ನಡೆಯುತ್ತೆ, ಕಾರ್ಯಕ್ರಮದ ಸ್ಥಳ, ಸಮಯ ಬರೆಯೋಕೆ ನಡೆಯಲ್ಲ. ಕೆಂಪನ್ನ ನಿಜವಾದ ಕುಂಕುಮದಷ್ಟು ಗಾಢ ಮಾಡಿ, ಇಲ್ಲಾ ವಿಳಾಸಕ್ಕೆ ಕಪ್ಪು ಬಳಸಿ.

ಇನ್ನು ವೆಬ್. ಇಂಗ್ಲಿಷ್‌ಗೆ ಮಾಡಿದ ಟೆಂಪ್ಲೇಟ್‌ನಲ್ಲಿ ಕನ್ನಡ ಸುರಿದರೆ ಮೊದಲು ಕತ್ತರಿಸಿ ಹೋಗೋದು ಕೆಳಗಿನ ಒತ್ತು. "ರಾಷ್ಟ್ರ" ಅನ್ನೋ ಪದ ನೋಡಿ, ಕೆಳಗೆ ಎಷ್ಟು ಜಾಗ ಬೇಕು ಅದಕ್ಕೆ! ಲೈನ್-ಹೈಟ್ 1.2 ಇರೋ ಕಡೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತೆ. ನಾನು ಪಠ್ಯಕ್ಕೆ 1.6ರಿಂದ 1.7, ಶೀರ್ಷಿಕೆಗೆ ಕನಿಷ್ಠ 1.4 ಇಡ್ತೀನಿ. ಬಟನ್‌ಗೆ ಎತ್ತರ ಅಗಲ ಫಿಕ್ಸ್ ಮಾಡಬೇಡಿ, ಪ್ಯಾಡಿಂಗ್ ಕೊಡಿ. "ರಿಜಿಸ್ಟರ್" ಇದ್ದ ಜಾಗಕ್ಕೆ "ನೋಂದಾಯಿಸಿಕೊಳ್ಳಿ" ಬರಬೇಕಲ್ಲ. ಲೆಟರ್-ಸ್ಪೇಸಿಂಗ್ ಸೊನ್ನೆ ಇರಲಿ. ಇಟಾಲಿಕ್ ಕೂಡ ಬೇಡ, ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ, ಬ್ರೌಸರ್ ಇದ್ದ ಅಕ್ಷರವನ್ನೇ ವಾಲಿಸಿ ಕೊಡುತ್ತೆ. ಎಚ್‌ಟಿಎಂಎಲ್‌ನಲ್ಲಿ ಭಾಷೆ ಕೆಎನ್ ಅಂತ ಘೋಷಿಸಿ.

ಕೋಡ್ ಬರೆಯೋರಿಗೆ: ಸಾರಾಂಶ ತೋರಿಸೋಕೆ ಸಬ್‌ಸ್ಟ್ರಿಂಗ್‌ನಲ್ಲಿ ನೂರು ಅಕ್ಷರಕ್ಕೆ ಕತ್ತರಿಸಬೇಡಿ. "ಸ್ತ್ರೀ" ನಡುವೆ ಕತ್ತರಿ ಬಿದ್ರೆ "ಸ್ತ್" ಉಳಿಯುತ್ತೆ. ಪದದ ಗಡಿಯಲ್ಲಿ ಕತ್ತರಿಸಿ, ಇಲ್ಲಾ ಸಿಎಸ್‌ಎಸ್‌ಗೇ ಬಿಡಿ. ಫಾರ್ಮ್‌ನಲ್ಲಿ ಬಂದ ಪಠ್ಯ ಶುಚಿ ಮಾಡುವಾಗ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕೋರಿದ್ದಾರೆ. ಝೀರೋ ವಿಡ್ತ್ ನಾನ್ ಜಾಯ್ನರ್ ತೆಗೆದ್ರೆ "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗುತ್ತೆ.

ಫಾಂಟ್‌ಗೆ ಬಡತನ ಈಗಿಲ್ಲ. ನೋಟೋ ಸಾನ್ಸ್, ನೋಟೋ ಸೆರಿಫ್, ಟಿರೋ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಎಲ್ಲಾ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕೊನೆಯ ಎರಡನ್ನ ಮಾಡಿದ್ದು ಮುಂಬೈನ ಏಕ್ ಟೈಪ್. ಉದ್ದ ಓದಿಗೆ ನನ್ನ ಆಯ್ಕೆ ನೋಟೋ ಸೆರಿಫ್. ಬಾಲೂ ದುಂಡಗೆ ಮುದ್ದಾಗಿದೆ, ಮಕ್ಕಳ ಕಾರ್ಯಕ್ರಮಕ್ಕೆ ಸರಿ. ಶ್ರದ್ಧಾಂಜಲಿಗೆ ಹಾಕಬೇಡಿ ಮಾರಾಯ್ರೆ, ಅದನ್ನೂ ನೋಡಿದ್ದೀನಿ.

ವಿಡಿಯೋದಲ್ಲಿ ಎರಡೇ ಎಚ್ಚರ. ಟೈಪ್ ಆದಂತೆ ಅಕ್ಷರ ಒಂದೊಂದೇ ಮೂಡೋ ಎಫೆಕ್ಟ್ ಕನ್ನಡಕ್ಕೆ ಬೇಡ. ಅರ್ಧಂಬರ್ಧ ಒತ್ತಕ್ಷರಗಳು ಕುಣಿದಾಡ್ತವೆ. ಪದ ಪದವಾಗಿ ತನ್ನಿ. ಎರಡು ಸಾಲಿನ ಸಬ್‌ಟೈಟಲ್ ಆದ್ರೆ ಹಿಂದಿನ ಕಪ್ಪು ಪಟ್ಟಿ ಕೆಳಗಿನ ಒತ್ತನ್ನೂ ಮುಚ್ಚುವಷ್ಟು ದೊಡ್ಡದಿರಲಿ.

ಆ ಪುಟದ ವಿಷಯಕ್ಕೆ ಬರ್ತೀನಿ. ಅದೊಂದನ್ನೇ ಅದೇ ಸೈಜಿನಲ್ಲಿ ಮತ್ತೆ ಅಚ್ಚು ಹಾಕಿಸಿದ್ವಿ. ಹಂಚದೇ ಉಳಿದಿದ್ದ ನೂರಿಪ್ಪತ್ತು ಪ್ರತಿಗಳಿಗೆ ಒಂದು ಭಾನುವಾರ ನಾಲ್ಕು ಜನ ಕೂತು ಅಂಟಿಸಿದ್ವಿ. ಉಳಿದವು ಹೋಗಿದ್ದು ಹೋಗಿದ್ವು. ಒಂದು ಪ್ರತಿ ಅಮ್ಮನ ಮನೆಗೆ ನಾನೇ ತಗೊಂಡು ಹೋದೆ. ಬೆರಳಿಟ್ಟು ಹೆಸರು ಓದಿದ್ರು, ಚಹಾ ಕೊಟ್ರು, "ಹಳೇದು ನೀನ ಒಯ್ಯಿ" ಅಂದ್ರು. ಅದು ಈಗ ನನ್ನ ಮೇಜಿನ ಮೇಲಿದೆ.

ಯಾವ ಹೊಸ ಸಾಫ್ಟ್‌ವೇರ್ ತೆರೆದರೂ ನಾನು ಮೊದಲು ಪೇಸ್ಟ್ ಮಾಡೋ ಸಾಲು ಇದು, ನೀವೂ ಕಾಪಿ ಮಾಡ್ಕೊಳ್ಳಿ: ಸ್ತ್ರೀ, ರಾಷ್ಟ್ರ, ಶ್ರದ್ಧಾಂಜಲಿ, ವರ್ಷ, ಕೃಷ್ಣ, ಸಾಫ್ಟ್‌ವೇರ್, ಧ ಥ ಫ ಷ ಘ.